ಹರಾಜು ಸೈಟಿನ ಸೆಲ್ಲರ್ ಅಕೌಂಟ್ ಸಸ್ಪೆಂಡ್ ಆಗಿದೆ, ಕಾರಣ ಹೇಳುತ್ತಿಲ್ಲ. ವಾಪಸ್ ಪಡೆಯುವುದು ಹೇಗೆ?

ಜೆರಾಕ್ಸ್ ಹುಡುಗ, ರಾಯಚೂರು

ಎಲ್ಲರಿಗೂ ನಮಸ್ಕಾರ. ರಾಯಚೂರಿನ ತೀನ್ ಕಂದೀಲ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಸುಮ್ನೆ ಕೂರುವ ಬದಲು ಮೂರು ವರ್ಷದಿಂದ ಒಂದು ವಿದೇಶಿ ಹರಾಜು ಸೈಟಿನಲ್ಲಿ ಹಳೆ ಸಾಮಾನು ಮಾರುತ್ತಿದ್ದೇನೆ. ಹಳೆ ಪೋಸ್ಟ್ ಕಾರ್ಡು, ಸ್ಟಾಂಪು, ಬೆಂಕಿಪೊಟ್ಟಣದ ಲೇಬಲ್ಲು, ನಿಜಾಮರ ಕಾಲದ ನಾಣ್ಯ, ಇಂಥವು. ರದ್ದಿ ಅಂಗಡಿಯವರು, ಗುಜರಿಯವರು ಏನಾದರೂ ಸಿಕ್ಕರೆ ನನಗೇ ಫೋನ್ ಮಾಡುತ್ತಾರೆ. 212 ಜನ ಒಳ್ಳೆ ಫೀಡ್‌ಬ್ಯಾಕ್ ಕೊಟ್ಟಿದ್ದಾರೆ. ಕೆಟ್ಟದ್ದು ಮೂರೇ, ಅದರಲ್ಲಿ ಎರಡು ಪೋಸ್ಟ್ ತಡವಾಗಿದ್ದಕ್ಕೆ.

ಹೋದ ಮಂಗಳವಾರ ಬೆಳಗ್ಗೆ ಶಟರ್ ಎತ್ತಿ ಫೋನ್ ನೋಡಿದರೆ ಮೇಲ್ ಬಂದಿದೆ. ನಿಮ್ಮ ಅಕೌಂಟ್ ಸಸ್ಪೆಂಡ್ ಮಾಡಿದ್ದೇವೆ, ನಮ್ಮ ನಿಯಮ ಮೀರಿದ್ದೀರಿ, ಅಷ್ಟೇ. ಯಾವ ನಿಯಮ, ಯಾವ ಸಾಮಾನು, ಒಂದಕ್ಷರ ಇಲ್ಲ. 14 ಹರಾಜು ನಡೆಯುತ್ತಿದ್ದವು, ಎಲ್ಲಾ ಮಾಯ. ಅದರಲ್ಲಿ ಹಳೆ ರೈಲ್ವೆ ಸ್ಟೇಷನ್ನಿನ ಒಂದು ಪೋಸ್ಟ್ ಕಾರ್ಡು 31 ಡಾಲರಿಗೆ ಹೋಗಿತ್ತು, ಇನ್ನೂ ಎರಡು ದಿನ ಬಾಕಿ ಇತ್ತು, ಹೊಟ್ಟೆ ಉರಿಯುತ್ತಿದೆ. ಬರಬೇಕಾದ 38 ಸಾವಿರ ಚಿಲ್ಲರೆ ದುಡ್ಡನ್ನು 180 ದಿನ ತಡೆದಿಟ್ಟುಕೊಳ್ಳುತ್ತಾರಂತೆ.

ಎರಡು ದಿನದಲ್ಲಿ ಐದು ಸಲ ಅಪೀಲು ಬರೆದೆ. ಐದಕ್ಕೂ ಒಂದೇ ಉತ್ತರ, ಅಚ್ಚು ಒತ್ತಿದ ಹಾಗೆ. ಚಾಟಿನಲ್ಲಿ ಕೂತವರು "ನಿಮ್ಮ ಕಷ್ಟ ಅರ್ಥವಾಗುತ್ತದೆ" ಅಂತ ಮೂರು ಸಲ ಹೇಳಿ ಚಾಟ್ ಮುಚ್ಚಿದರು. ನಮ್ಮ ಮಾವನ ಮಗ ಹೇಳುತ್ತಾನೆ, ಬಿಟ್ಟಾಕು, ನನ್ನ ಪ್ಯಾನ್ ಕಾರ್ಡಿನಲ್ಲಿ ಹೊಸ ಅಕೌಂಟ್ ಮಾಡು ಅಂತ. ಮಾಡಲಾ? ಇನ್ನೊಂದು, ಇಬ್ಬರು ದುಡ್ಡು ಕಟ್ಟಿಬಿಟ್ಟಿದ್ದಾರೆ, ಅವರ ಸಾಮಾನು ಪ್ಯಾಕ್ ಆಗಿ ಟೇಬಲ್ ಮೇಲೇ ಇದೆ. ಕಳಿಸಬೇಕಾ, ಬೇಡವಾ? ಯಾರಿಗಾದರೂ ಹೀಗಾಗಿ ವಾಪಸ್ ಸಿಕ್ಕಿದ್ದರೆ ದಯವಿಟ್ಟು ಹೇಳಿ.

ನೀಲಿ ಬಟ್ಟೆ, ಬಳ್ಳಾರಿ

ತಮ್ಮಾ, ಮೊದಲು ಆ ಮಾವನ ಮಗನ ಮಾತು ಕೇಳಬೇಡ. ನಾನು ಕೇಳಿ ಕೆಟ್ಟವನು.

ನಮ್ಮದು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ. ಎಂಟು ಮಷೀನು, ಮುಂಡರಗಿ ಕಡೆ ವಾಷಿಂಗ್ ಮಾಡಿಸುತ್ತೇವೆ. ನಾಲ್ಕು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಹಾಕೋಣ ಅಂತ ಶುರು ಮಾಡಿದೆ. ಮಾಲು ನಮ್ಮದೇ, ಲೇಬಲ್ಲೂ ನಮ್ಮದೇ, ಆದರೆ ಹುಡುಕಿದವರಿಗೆ ಬೇಗ ಸಿಗಲಿ ಅಂತ ಟೈಟಲ್‌ನಲ್ಲಿ ಒಂದು ದೊಡ್ಡ ಬ್ರ್ಯಾಂಡಿನ ಹೆಸರು ಬರೆದು ಮುಂದೆ "ಥರದ್ದು" ಅಂತ ಸೇರಿಸಿದೆ. ಇಲ್ಲಿ ಅಂಗಡಿಯಲ್ಲಿ ಹಾಗೇ ಹೇಳಿ ಮಾರುತ್ತೇವಲ್ಲ, ತಪ್ಪು ಅನ್ನಿಸಲೇ ಇಲ್ಲ. ಆ ಬ್ರ್ಯಾಂಡಿನವರು ದೂರು ಕೊಟ್ಟರು, ಅಕೌಂಟ್ ಹೋಯ್ತು. ನಾನು ಜಾಣ ಅಂದುಕೊಂಡು ಹೆಂಡತಿ ಹೆಸರಲ್ಲಿ ಇನ್ನೊಂದು ತೆಗೆದೆ. ಫೋನ್ ಅದೇ, ವೈಫೈ ಅದೇ, ಸಾಮಾನು ಕಳಿಸುವ ವಿಳಾಸ ಅದೇ, ಫೋಟೋದಲ್ಲಿ ಹಿಂದೆ ಕಾಣುವ ಗೋಡೆಯ ಹಸಿರು ಬಣ್ಣ ಕೂಡ ಅದೇ. ನಾಲ್ಕನೇ ದಿನ ಅದೂ ಹೋಯ್ತು. ಆಮೇಲೆ ಮೊದಲನೆಯದಕ್ಕೆ ಅಪೀಲು ಹಾಕಿದರೆ "ನೀವು ನಮ್ಮ ಕಣ್ಣು ತಪ್ಪಿಸಲು ನೋಡಿದ್ದೀರಿ" ಅಂತ ಬಂತು. ಮೊದಲಿದ್ದದ್ದು ಒಂದು ತಪ್ಪು, ಈಗ ಎರಡು. ಬಿಡಿಸಿಕೊಳ್ಳುವುದಕ್ಕೆ ಹೆಚ್ಚು ಕಡಿಮೆ ಮೂರು ತಿಂಗಳು ಹಿಡಿಯಿತು. ಹೆಂಡತಿಯ ಅಕೌಂಟ್ ಇವತ್ತಿಗೂ ಬಂದಿಲ್ಲ, ಅದನ್ನು ಮನೆಯಲ್ಲಿ ಆಗಾಗ ನೆನಪಿಸುತ್ತಾಳೆ.

ದುಡ್ಡು ಕಟ್ಟಿದವರ ಸಾಮಾನು ಇವತ್ತೇ ಕಳಿಸು, ಅದೇನಾದರೂ ನಿಷೇಧದ ಸಾಮಾನು ಅಲ್ಲದಿದ್ದರೆ. ಕಳಿಸದೆ ಅವರೂ ದೂರು ಕೊಟ್ಟರೆ ನಿನ್ನ ಕೇಸು ಮುಗೀತು. ಪೋಸ್ಟ್ ರಸೀದಿಯ ಫೋಟೋ ತೆಗೆದಿಡು, ಟ್ರ್ಯಾಕಿಂಗ್ ನಂಬರ್ ಇರುತ್ತದಲ್ಲ, ಎರಡು ಅಕ್ಷರ, ಒಂಬತ್ತು ಅಂಕೆ, ಕೊನೆಗೆ ಐಎನ್, ಅದು ಸ್ಪಷ್ಟ ಕಾಣಬೇಕು. ಅಪೀಲು ಬರೆಯುವುದು ಸದ್ಯ ನಿಲ್ಲಿಸು. ಐದು ಸಲ ಬರೆದರೆ ಐದು ಸಲ ಓದುತ್ತಾರೆ ಅಂದುಕೊಂಡಿದ್ದೀಯಾ? ಏನು ಬರೆದಿದ್ದೆ ಅದರಲ್ಲಿ?

ಬೊಂಬೆ ಅಕ್ಕ, ಕೊಪ್ಪಳ

ನೀಲಿ ಬಟ್ಟೆ ಅಣ್ಣ ಹೇಳಿದ್ದು ಸರಿ. ನನ್ನ ಅನುಭವ ಬೇರೆ ಥರದ್ದು, ಅದನ್ನೂ ಒಂದ್ಸಲ ನೋಡಿಕೊಳ್ಳಿ.

ನಾನು ಕಿನ್ನಾಳದ ಬೊಂಬೆಗಳನ್ನು ಕುಶಲಕರ್ಮಿಗಳ ಮನೆಯಿಂದಲೇ ತಂದು ಮಾರುತ್ತೇನೆ. ನನ್ನ ಅಕೌಂಟ್ ನಿಂತದ್ದು ಹೆಸರಿನಿಂದ. ನಮ್ಮ ಕಡೆ ಹೆಸರುಗಳ ಕಥೆ ನಿಮಗೆ ಗೊತ್ತೇ ಇದೆ. ಆಧಾರಿನಲ್ಲಿ ಮುಂದೆ ಒಂದು ಇನಿಷಿಯಲ್, ಪ್ಯಾನಿನಲ್ಲಿ ಅಪ್ಪನ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಮನೆತನದ ಅಡ್ಡಹೆಸರು. ನಮಗೆ ಮೂವರೂ ಒಬ್ಬಳೇ. ಅಲ್ಲೆಲ್ಲೋ ಕೂತ ಕಂಪ್ಯೂಟರಿಗೆ ಮೂರು ಬೇರೆ ಬೇರೆ ಹೆಂಗಸರು.

ವಿಳಾಸಕ್ಕೆ ಕರೆಂಟ್ ಬಿಲ್ ಕೊಡಿ ಅಂದರು. ನಮ್ಮ ಮನೆಯ ಮೀಟರು ಇನ್ನೂ ನಮ್ಮ ಮಾವನವರ ಅಪ್ಪನ ಹೆಸರಿನಲ್ಲಿದೆ, ಅವರು ತೀರಿಕೊಂಡು ಎಷ್ಟೋ ವರ್ಷವಾಯ್ತು. ಮೀಟರ್ ನೋಡಲು ಬಂದವರು ಹರಿದು ಕೊಡುವ ಆ ಉದ್ದದ ಚೀಟಿಯನ್ನು ಫ್ರಿಜ್ ಮೇಲೆ ಮ್ಯಾಗ್ನೆಟ್ ಹಾಕಿ ಇಟ್ಟಿದ್ದೆ. ತೆಗೆದು ನೋಡಿದರೆ ಅರ್ಧ ಅಕ್ಷರ ಅಳಿಸಿಹೋಗಿ ಬಿಳಿ ಕಾಗದ. ಅದನ್ನೇ ಸ್ಕ್ಯಾನ್ ಮಾಡಿ ಕಳಿಸಿದ್ದೆ ನೋಡಿ! ಆಮೇಲೆ ಬ್ಯಾಂಕಿಗೆ ಹೋಗಿ ಸೀಲು ಹಾಕಿಸಿದ ಸ್ಟೇಟ್‌ಮೆಂಟ್ ತಂದೆ, ಇಂಗ್ಲಿಷಿನಲ್ಲಿ ಇತ್ತು, ನನ್ನ ಹೆಸರು ಪ್ಯಾನಿನಲ್ಲಿ ಇದ್ದ ಹಾಗೇ ಇತ್ತು. ಐಇಸಿ, ಅಂದರೆ ಆಮದು ರಫ್ತು ಕೋಡ್ ನಂಬರ್ ಕೂಡ ಮಾಡಿಸಿದೆ. ರಫ್ತು ಮಾಡುವವರಿಗೆ ಹೇಗೂ ಬೇಕು, ಆನ್‌ಲೈನ್‌ನಲ್ಲೇ ಆಗುತ್ತದೆ, ಸರ್ಕಾರಿ ಫೀ 500 ರೂಪಾಯಿ, ಈಗ ಪ್ಯಾನ್ ನಂಬರೇ ಅದರ ನಂಬರು. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅಪ್‌ಡೇಟ್ ಮಾಡಬೇಕು, ಏನೂ ಬದಲಾಗದಿದ್ದರೂ ಮಾಡಬೇಕು, ಎಷ್ಟೋ ಜನ ಇದನ್ನು ಮರೆಯುತ್ತಾರೆ.

ನಿಮಗೆ ದಾಖಲೆ ಕೊಡಿ ಅಂತ ಮೊದಲು ಯಾವಾಗಾದರೂ ಮೇಲ್ ಬಂದಿತ್ತಾ? ಸ್ಪ್ಯಾಮಿನಲ್ಲೂ ನೋಡಿ.

ಜೆರಾಕ್ಸ್ ಹುಡುಗ

ಅಣ್ಣಾ, ಅಕ್ಕಾ, ಥ್ಯಾಂಕ್ಸ್. ಎರಡೂ ಪಾರ್ಸೆಲ್ ಇವತ್ತು ಕಳಿಸಿದೆ. ಎರಡೂ ಬೆಂಕಿಪೊಟ್ಟಣದ ಲೇಬಲ್ಲೇ, ತೊಂದರೆ ಇಲ್ಲ.

ದಾಖಲೆ ಎಲ್ಲಾ ಸರಿ ಇದೆ ಅಕ್ಕ, ಅದು ಹೋದ ವರ್ಷವೇ ಪಾಸಾಗಿದೆ. ಸ್ಪ್ಯಾಮಿನಲ್ಲೂ ಇಲ್ಲ. ಅಪೀಲಿನಲ್ಲಿ ಏನು ಬರೆದೆ ಅಂದರೆ, ನಾನು ಬಡವ, ಮನೆ ನಡೆಯುವುದೇ ಇದರಿಂದ, ನಾನು ಯಾವ ತಪ್ಪೂ ಮಾಡಿಲ್ಲ, ಮೂರು ವರ್ಷದಿಂದ ನಿಮಗೆ ಕಮಿಷನ್ ಕಟ್ಟಿದ್ದೇನೆ ಅಂತ. ಐದನೆಯದರಲ್ಲಿ ಸ್ವಲ್ಪ ಸಿಟ್ಟಿನಲ್ಲಿ ಬರೆದೆ, ಅದನ್ನು ಇಲ್ಲಿ ಹೇಳುವುದಿಲ್ಲ.

ಸಸ್ಪೆಂಡ್ ಆಗುವ ಹಿಂದಿನ ದಿನ ಹೊಸದಾಗಿ ಹಾಕಿದ್ದು ಆರು ಐಟಂ. ನಾಲ್ಕು ಪೋಸ್ಟ್ ಕಾರ್ಡು, ಎರಡು ಚಾರ್‌ಮಿನಾರ್ ನಾಣ್ಯ. ಒಂದು ನಾಲ್ಕಾಣೆ, ಒಂದು ರೂಪಾಯಿ. ನಾಣ್ಯದ ಮೇಲಿನ ಇಸವಿಯನ್ನು ನಮ್ಮ ಓಣಿಯ ಉರ್ದು ಮೇಷ್ಟ್ರ ಹತ್ತಿರ ಓದಿಸಿಕೊಂಡು ಹಾಕಿದ್ದೇನೆ. ನಾಲ್ಕಾಣೆಗೆ 1362, ರೂಪಾಯಿಗೆ 1325. ಇಷ್ಟು ಸರಿಯಾಗಿ ಯಾರೂ ಬರೆಯುವುದಿಲ್ಲ.

ಹಾಲಿ ಸಿಕ್ಕಾ, ಸಿಂಧನೂರು

ಅಯ್ಯೋ ಮಾರಾಯಾ, ಇಸವಿ ಕಾಲಂನಲ್ಲಿ 1362 ಅಂತಲೇ ಹಾಕಿದ್ದೀರಾ? ಅದು ಹಿಜರಿ, ಅಂದರೆ ಮುಸ್ಲಿಂ ಪಂಚಾಂಗದ ವರ್ಷ, ಪಕ್ಕದಲ್ಲಿ ಹಾಗಂತ ಬರೆದಿದ್ದೀರಾ ಇಲ್ಲವಾ?

ಬರೆದಿಲ್ಲ ಅಂದರೆ ಕೇಳಿ. ಆ ಸೈಟಿನವರ ಲೆಕ್ಕದಲ್ಲಿ ನೀವು ಭಾರತದಿಂದ ಸುಮಾರು 660 ವರ್ಷ ಹಳೆಯ ನಾಣ್ಯ ಮಾರಾಟಕ್ಕೆ ಇಟ್ಟಿದ್ದೀರಿ. ಹರಿಹರ ಬುಕ್ಕರ ಕಾಲದ್ದು! ಹಂಪಿಯಲ್ಲಿ ಅಗೆದು ತಂದಿದ್ದಾನೆ ಅಂತ ಯಾರಿಗಾದರೂ ಅನುಮಾನ ಬರುತ್ತದೆ ಅಲ್ವಾ. ನನಗೆ ಗೊತ್ತಿರುವ ಮಟ್ಟಿಗೆ ಇಂಥದ್ದನ್ನು ಮೊದಲು ಹಿಡಿಯುವುದು ಮನುಷ್ಯರಲ್ಲ, ಸಾಫ್ಟ್‌ವೇರು. ದೇಶ ಭಾರತ, ಇಸವಿ ಹಳೆಯದು, ಸಾಮಾನು ನಾಣ್ಯ, ಮುಗೀತು.

ಹಿಜರಿ ವರ್ಷ ನಮ್ಮ ವರ್ಷಕ್ಕಿಂತ ಹನ್ನೊಂದು ದಿನದಷ್ಟು ಚಿಕ್ಕದು. ಅದಕ್ಕೇ ಸುಮ್ನೆ 622 ಕೂಡಿಸಿದರೆ ಆಗುವುದಿಲ್ಲ. ಹಿಜರಿಯನ್ನು 0.97ರಿಂದ ಗುಣಿಸಿ ಆಮೇಲೆ 622 ಕೂಡಿಸಿ, ಹೆಚ್ಚು ಕಡಿಮೆ ಸರಿ ಬರುತ್ತದೆ. 1362 ಅಂದರೆ 1943. ನಮ್ಮ ಅಜ್ಜ ಮದುವೆಯಾದ ವರ್ಷ. ಅದು ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನರ ಕಾಲದ ನಾಣ್ಯ, ನೂರು ವರ್ಷ ಆಗಿಲ್ಲ, ಅದರ ಬಗ್ಗೆ ಹೆದರಬೇಡಿ.

ಹೆದರಬೇಕಾದದ್ದು ಆ ರೂಪಾಯಿಗೆ. ಒಂದು ಕೆಲಸ ಮಾಡಿ. ಅದನ್ನು ಬೆಳಕಿಗೆ ಹಿಡಿದು ಚಾರ್‌ಮಿನಾರಿನ ನಡುವಿನ ಬಾಗಿಲ ಕಮಾನಿನಲ್ಲಿ ನೋಡಿ, ಒಂದು ಸಣ್ಣ ಉರ್ದು ಅಕ್ಷರ ಇರುತ್ತದೆ. ಮೀಮ್ ಇದ್ದರೆ ಉಸ್ಮಾನರ ಅಪ್ಪ ಮಹಬೂಬ್ ಅಲಿ ಖಾನರದ್ದು, ಐನ್ ಇದ್ದರೆ ಉಸ್ಮಾನರದ್ದು. ಮಹಬೂಬರು ತೀರಿಕೊಂಡದ್ದು 1911ರಲ್ಲಿ. ನಿಮ್ಮ 1325 ಅಂದರೆ 1907ರ ಸುಮಾರು, ಅದು ಮೀಮ್ ಆಗಿರಲೇಬೇಕು. ಅಂದರೆ ನೂರು ವರ್ಷ ಯಾವತ್ತೋ ದಾಟಿದೆ. ನಮ್ಮ ದೇಶದ 1972ರ ಕಾಯ್ದೆ, ಪ್ರಾಚ್ಯ ವಸ್ತುಗಳದ್ದು, ಅದರ ಪ್ರಕಾರ ನೂರು ವರ್ಷ ತುಂಬಿದ ನಾಣ್ಯವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗೇ ಇಲ್ಲ. ಹಸ್ತಪ್ರತಿ ಆದರೆ 75 ವರ್ಷ ಸಾಕು. ಸಿಕ್ಕಿಬಿದ್ದರೆ ಕಡಿಮೆ ಅಂದರೂ ಆರು ತಿಂಗಳು, ಹೆಚ್ಚೆಂದರೆ ಮೂರು ವರ್ಷ ಜೈಲು, ದಂಡ ಬೇರೆ. ಮೂವತ್ತು ಡಾಲರಿನ ನಾಣ್ಯಕ್ಕೆ ಯಾರಿಗೆ ಬೇಕು ಇದು? ನಿಮ್ಮ ಅಕೌಂಟ್ ನಿಂತದ್ದು ಒಂದು ಲೆಕ್ಕದಲ್ಲಿ ನಿಮ್ಮ ಪುಣ್ಯ.

ಈ ನಾಣ್ಯಗಳು ನಮ್ಮ ಕಡೆ ರಾಶಿ ರಾಶಿ ಸಿಗುತ್ತವೆ, ಅದಕ್ಕೇ ನಮಗೆ ಅವು ಪ್ರಾಚ್ಯ ವಸ್ತು ಅನ್ನಿಸುವುದೇ ಇಲ್ಲ. ರಾಯಚೂರು, ಕೊಪ್ಪಳ ಎಲ್ಲಾ ನಿಜಾಮರ ಸೀಮೆ, ನಿಜಾಮರ ಏಳು ಹಾಲಿ ರೂಪಾಯಿಗೆ ಬ್ರಿಟಿಷರ ಆರು ರೂಪಾಯಿ ಅಂತ ಲೆಕ್ಕ ಇತ್ತು, ನಮ್ಮ ಅಜ್ಜಿ ಸಂತೆಯಲ್ಲಿ ಅದನ್ನು ಬಾಯಲ್ಲೇ ಹಾಕುತ್ತಿದ್ದಳಂತೆ. ಪ್ರತಿ ಮನೆಯ ಡಬ್ಬಿಯಲ್ಲಿ ನಾಲ್ಕು ಬಿದ್ದಿರುತ್ತವೆ. ಹಾಗಂತ ಕಾಯ್ದೆ ಬಿಡುವುದಿಲ್ಲ. ಹೊಲ ಉಳುವಾಗ ನೆಲದಲ್ಲಿ ಸಿಕ್ಕಿದ್ದು ಅಂದರಂತೂ ಅದು ನಿಧಿ ಕಾಯ್ದೆಗೆ ಬರುತ್ತದೆ, ಡಿಸಿ ಆಫೀಸಿಗೆ ತಿಳಿಸಬೇಕು. ಗುಜರಿಯವರು ತಂದುಕೊಟ್ಟಾಗ ಎಲ್ಲಿ ಸಿಕ್ಕಿತು ಅಂತ ಕೇಳುವ ಅಭ್ಯಾಸ ಇಟ್ಟುಕೊಳ್ಳಿ.

ಜೆರಾಕ್ಸ್ ಹುಡುಗ

ಸರ್, ಕೈಕಾಲು ತಣ್ಣಗಾಯ್ತು. ಹಿಜರಿ ಅಂತ ಬರೆದಿಲ್ಲ. ಈಗ ಲೆನ್ಸ್ ಹಿಡಿದು ನೋಡಿದೆ, ಬಾಗಿಲಲ್ಲಿ ಇರುವುದು ಮೀಮೇ. ಇಷ್ಟು ದಿನ ಅದನ್ನು ಬಾಗಿಲ ಚಿಲಕ ಅಂದುಕೊಂಡಿದ್ದೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಬೈಯಬೇಡಿ. ಎರಡು ತಿಂಗಳ ಹಿಂದೆ ಒಂದು ಸ್ಟಾಂಪಿಗೆ ಯಾರೂ ಬಿಡ್ ಹಾಕದೇ ಇದ್ದಾಗ ನಮ್ಮ ಮಾವನ ಮಗ ಅಂಗಡಿಯಲ್ಲಿ ಕೂತೇ ಅವನ ಫೋನಿನಿಂದ ಒಂದು ಬಿಡ್ ಹಾಕಿದ. ತಮಾಷೆಗೆ. ಅರ್ಧ ಗಂಟೆಯಲ್ಲಿ ವಾಪಸ್ ತೆಗೆದ. ಇದೂ ಕಾರಣ ಆಗಿರಬಹುದಾ? ಅಪೀಲಿನಲ್ಲಿ ಹೇಳಬೇಕಾ?

ನೀಲಿ ಬಟ್ಟೆ, ಬಳ್ಳಾರಿ

ಆ ಮಾವನ ಮಗನನ್ನು ಮೊದಲು ಅಂಗಡಿಯಿಂದ ಹೊರಗೆ ಹಾಕು.

ಹೇಳಬೇಡ. ಅವರು ಕೇಳಿಲ್ಲ, ನೀನೇ ಯಾಕೆ ತೋಡಿಕೊಳ್ಳುತ್ತೀಯ? ನಮ್ಮವರೇ ಬಿಡ್ ಏರಿಸುವುದು ಹರಾಜು ಸೈಟುಗಳಲ್ಲಿ ದೊಡ್ಡ ತಪ್ಪು, ಕೆಲವರನ್ನು ಅದಕ್ಕೇ ಶಾಶ್ವತವಾಗಿ ತೆಗೆದುಹಾಕುತ್ತಾರೆ.

ಬೊಂಬೆ ಅಕ್ಕ, ಕೊಪ್ಪಳ

ನಾನು ಒಪ್ಪುವುದಿಲ್ಲ ಅಣ್ಣ. ಒಂದೇ ವೈಫೈನಿಂದ ಬಿಡ್ ಬಿದ್ದಿದೆ ಅನ್ನುವುದು ಅವರ ಹತ್ತಿರ ಇದ್ದೇ ಇರುತ್ತದೆ. ನಿಮ್ಮ ಗೋಡೆಯ ಬಣ್ಣ ಹಿಡಿದವರಿಗೆ ಇದು ಕಾಣುವುದಿಲ್ವಾ? "ನನಗೆ ಗೊತ್ತಿರುವ ಎಲ್ಲಾ ತಪ್ಪು ಇವು" ಅಂತ ಬರೆದು ಇದನ್ನು ಬಿಟ್ಟರೆ ಅದು ಸುಳ್ಳೇ ಆಯ್ತು. ಒಂದು ಸಾಲಿನಲ್ಲಿ ಹೇಳಿ ಮುಗಿಸಲಿ.

ಹಾಲಿ ಸಿಕ್ಕಾ, ಸಿಂಧನೂರು

ನಾನು ಅಕ್ಕನ ಕಡೆ. ಆದರೆ ತಮಾಷೆಗೆ ಅನ್ನುವ ಪದ ಬೇಡ, ಅದನ್ನು ಓದಿದರೆ ಅವರಿಗೆ ನಗು ಬರುವುದಿಲ್ಲ.

ಜೆರಾಕ್ಸ್ ಹುಡುಗ

ನಿನ್ನೆ ರಾತ್ರಿ ಕೂತು ಬರೆದೆ. ಇಂಗ್ಲಿಷಿನಲ್ಲಿ ಕಳಿಸುತ್ತೇನೆ, ಇಲ್ಲಿ ಕನ್ನಡದಲ್ಲಿ ಹಾಕುತ್ತಿದ್ದೇನೆ, ನೋಡಿ ಹೇಳಿ.

"ಈ ಹಿಂದೆ ಐದು ಸಲ ಬರೆದದ್ದಕ್ಕೆ ಕ್ಷಮಿಸಿ, ಅವನ್ನು ಪಕ್ಕಕ್ಕಿಡಿ. ನನ್ನ ಲಿಸ್ಟಿಂಗ್‌ಗಳನ್ನು ಮತ್ತೆ ಓದಿದಾಗ ನನಗೆ ಕಂಡ ತಪ್ಪುಗಳು ಇವು. ನಾಲ್ಕಾಣೆ ನಾಣ್ಯದ ಇಸವಿ 1362 ಎಂದು ಹಾಕಿದ್ದೆ. ಅದು ಹಿಜರಿ ವರ್ಷ, ಅಂದರೆ 1943. ನಾಣ್ಯದ ಎರಡೂ ಬದಿಯ ಫೋಟೋ ಜೊತೆಗಿದೆ. ಇನ್ನೊಂದು ನಾಣ್ಯ 1907ರ ಸುಮಾರಿನದು. ಭಾರತದ ಕಾನೂನಿನ ಪ್ರಕಾರ ಅದನ್ನು ಹೊರದೇಶಕ್ಕೆ ಮಾರಬಾರದು, ಇದು ನನಗೆ ಗೊತ್ತಿರಲಿಲ್ಲ, ಮಾರಾಟ ಆಗಿಲ್ಲ, ಮತ್ತೆ ಹಾಕುವುದಿಲ್ಲ. ಒಮ್ಮೆ ನನ್ನ ಸಂಬಂಧಿ ನನ್ನ ಹರಾಜಿನಲ್ಲಿ ಬಿಡ್ ಹಾಕಿ ವಾಪಸ್ ತೆಗೆದಿದ್ದಾನೆ, ಅದು ತಪ್ಪು, ಇನ್ನು ಆಗುವುದಿಲ್ಲ. ಇನ್ನು ಮುಂದೆ 1930ಕ್ಕಿಂತ ಹಿಂದಿನ ಯಾವ ನಾಣ್ಯವನ್ನೂ ಹಾಕುವುದಿಲ್ಲ. ಬಾಕಿ ಇದ್ದ ಎರಡು ಆರ್ಡರ್ ಕಳಿಸಿದ್ದೇನೆ, ಟ್ರ್ಯಾಕಿಂಗ್ ನಂಬರ್ ಕೆಳಗಿದೆ. ನನ್ನ ಕುಟುಂಬ ಈ ಆದಾಯದ ಮೇಲೆ ನಿಂತಿದೆ, ದಯವಿಟ್ಟು ಕರುಣೆ ತೋರಿ."

ಹಾಲಿ ಸಿಕ್ಕಾ, ಸಿಂಧನೂರು

ಚೆನ್ನಾಗಿದೆ. ಕೊನೆಯ ಸಾಲು ತೆಗೆಯಿರಿ. ಓದುವವನು ದಿನಕ್ಕೆ ಅಂಥ ಎಷ್ಟು ಸಾಲು ಓದುತ್ತಾನೋ ಏನೋ. 1930 ಅನ್ನುವುದು ಒಳ್ಳೆ ಗೆರೆ, ಆದರೆ ಕಾಲ ಮುಂದೆ ಹೋಗುತ್ತಿರುತ್ತದೆ, ಇನ್ನು ಕೆಲವು ವರ್ಷದಲ್ಲಿ ಅದಕ್ಕೂ ನೂರಾಗುತ್ತದೆ, ನೆನಪಿರಲಿ. ಅನುಮಾನ ಇರುವ ಸಾಮಾನಿಗೆ ಇದು ಪ್ರಾಚ್ಯ ವಸ್ತು ಅಲ್ಲ ಅಂತ ಪುರಾತತ್ವ ಇಲಾಖೆಯವರು ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಇದೆ. ಎಲ್ಲಿ, ಹೇಗೆ ಅಂತ ಹಂಪಿ ಸರ್ಕಲ್‌ನವರನ್ನು ಕೇಳಿ, ನಮಗೆ ಹತ್ತಿರ.

ನೀಲಿ ಬಟ್ಟೆ, ಬಳ್ಳಾರಿ

ಕಳಿಸು. ಒಂದೇ ಸಲ. ಆಮೇಲೆ ಫೋನ್ ಮುಟ್ಟಬೇಡ.

ಜೆರಾಕ್ಸ್ ಹುಡುಗ

ಕಳಿಸಿದೆ ಅಣ್ಣ. ಈ ನಡುವೆ ಒಬ್ಬರು ಟೆಲಿಗ್ರಾಮಿನಲ್ಲಿ ಮೆಸೇಜ್ ಮಾಡಿದ್ದಾರೆ, ಒಳಗೆ ನಮ್ಮವರಿದ್ದಾರೆ, 6,500 ಕೊಟ್ಟರೆ 24 ಗಂಟೆಯಲ್ಲಿ ಅಕೌಂಟ್ ಆನ್ ಮಾಡಿಸುತ್ತೇನೆ, ಲಾಗಿನ್ ಪಾಸ್‌ವರ್ಡ್ ಕೊಡಿ ಅಂತ. ಅರ್ಧ ಈಗ, ಅರ್ಧ ಕೆಲಸ ಆದ ಮೇಲೆ ಅಂತೆ.

ಬೊಂಬೆ ಅಕ್ಕ, ಕೊಪ್ಪಳ

ಕೊಟ್ಟಿಲ್ಲ ತಾನೇ? ಬ್ಲಾಕ್ ಮಾಡಿ. ಹಳೆ ನೋಟು, ನಾಣ್ಯಕ್ಕೆ ಲಕ್ಷ ಕೊಡಿಸುತ್ತೇವೆ ಅಂತ ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಕಮಿಷನ್ ಕೀಳುವವರ ಬಗ್ಗೆ ಬ್ಯಾಂಕಿನವರೇ 2021ರಲ್ಲಿ ಎಚ್ಚರಿಕೆ ಕೊಟ್ಟಿದ್ದರು. ಇವರೂ ಅದೇ ಜಾತಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಜೆರಾಕ್ಸ್ ಹುಡುಗ

ಇಲ್ಲ ಅಕ್ಕ, ಕೊಟ್ಟಿಲ್ಲ. ನಿಮ್ಮನ್ನೆಲ್ಲ ಕೇಳದೇ ಇದ್ದಿದ್ದರೆ ಕೊಡುತ್ತಿದ್ದೆನೇನೋ.

ಜೆರಾಕ್ಸ್ ಹುಡುಗ, ಹದಿನೇಳು ದಿನದ ನಂತರ

ಬಂತು! ಪೂರ್ತಿ ಅಲ್ಲ, ಅರ್ಧ. ಮೊದಲ ಸಲ ಮನುಷ್ಯರು ಬರೆದ ಹಾಗಿರುವ ಮೇಲ್ ಬಂದಿದೆ, ಕೆಳಗೆ ಒಂದು ಹೆಸರೂ ಇದೆ. ಕಾರಣ ನಾಣ್ಯಗಳೇ ಅಂತೆ. ಬಿಡ್ ವಿಷಯಕ್ಕೆ ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ, ಅದು ಅವರಿಗೆ ಮೊದಲೇ ಗೊತ್ತಿತ್ತಂತೆ. ನೀಲಿ ಬಟ್ಟೆ ಅಣ್ಣ, ಈ ಒಂದು ವಿಷಯದಲ್ಲಿ ಅಕ್ಕ ಗೆದ್ದರು. ಸದ್ಯಕ್ಕೆ ತಿಂಗಳಿಗೆ ಹತ್ತೇ ಲಿಸ್ಟಿಂಗು, ನಾಣ್ಯದ ವಿಭಾಗ ಪೂರ್ತಿ ಬಂದ್. ದುಡ್ಡು ಇನ್ನೂ ಬಂದಿಲ್ಲ, 180 ದಿನದ ಲೆಕ್ಕ ಹಾಗೇ ಇದೆ. ಆ ಸ್ಟೇಷನ್ ಪೋಸ್ಟ್ ಕಾರ್ಡನ್ನು ಮತ್ತೆ ಹಾಕಿದ್ದೇನೆ, ಇವತ್ತಿಗೆ 9 ಡಾಲರ್.

ನೀಲಿ ಬಟ್ಟೆ, ಬಳ್ಳಾರಿ

ಸರಿ ಬಿಡಪ್ಪ, ಸೋತೆ. ಹತ್ತನ್ನೂ ಒಂದೇ ದಿನ ಹಾಕಬೇಡ, ವಾರಕ್ಕೆ ಎರಡು ಮೂರು ಹಾಕು.

ಹಾಲಿ ಸಿಕ್ಕಾ, ಸಿಂಧನೂರು

ಒಳ್ಳೆದಾಯ್ತು. ಆ ಮೀಮ್ ರೂಪಾಯಿಯ ಫೋಟೋ ಇಲ್ಲಿ ಹಾಕಿ, ಎರಡೂ ಬದಿ, ಫ್ಲಾಶ್ ಇಲ್ಲದೆ. ಮಾರುವುದಕ್ಕಲ್ಲ, ಸುಮ್ನೆ ನೋಡುವುದಕ್ಕೆ.